ಖಾಲಿ ಸೀಸೆಯೊಳಗಿನ ಮದ್ದು

ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಏನೂ ಇಲ್ಲ! ತಳದಲ್ಲೊಂದು ತೆಳ್ಳನೆಯ ಬಿಳಿ ಪೊರೆ, ಅಷ್ಟೇ. ಅದರಲ್ಲೂ ಬಹುಪಾಲು ಉಪ್ಪು ಮತ್ತು ಆಲ್ಬುಮಿನ್. ಅಸಲು ಮದ್ದು ಎಷ್ಟು ಗೊತ್ತೇ? ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅಂಥ ನಾಲ್ಕೈದು ಪಾಲು. ವೈದ್ಯರು ಸಲೈನ್ ತುಂಬಿದ ಸಿರಿಂಜನ್ನು ರಬ್ಬರ್ ಮುಚ್ಚಳಕ್ಕೆ ಚುಚ್ಚಿದ್ದೇ ತಡ, ಯಾರೂ ಒತ್ತದೆಯೇ ಸಲೈನ್ ಸರ್ರನೆ ಒಳಗಿಳಿಯಿತು. ಸೀಸೆಯೊಳಗೆ ಗಾಳಿಯೇ ಇಲ್ಲ, ನಿರ್ವಾತ. ಹಾಗೆ ಎಳೆದುಕೊಳ್ಳದಿದ್ದರೆ ಆ ಸೀಸೆಯನ್ನು ಬಳಸುವುದೇ ಇಲ್ಲ.

ಇದು ಮುಂಬಯಿಯ ದಹಿಸರ್ ಪೂರ್ವದ ಒಂದು ಕ್ಲಿನಿಕ್ಕಿನಲ್ಲಿ ಕಂಡದ್ದು. ಆ ಸೀಸೆಯಲ್ಲಿದ್ದದ್ದು ಬೊಟುಲಿನಮ್ ಟಾಕ್ಸಿನ್, ಮನುಷ್ಯ ಬಲ್ಲ ವಿಷಗಳಲ್ಲೆಲ್ಲ ಅತಿ ಘೋರವಾದದ್ದು. ಮಂಚದ ಮೇಲೆ ಬೋರಲು ಮಲಗಿದ್ದವರು ನನ್ನ ಮಾವ.

ಮಾವನದು ಮುಂಬಯಿಯ ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಬದುಕು. ಹೊಟೇಲಿನ ಗಲ್ಲಾದಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕೂರುವುದು, ಹಿಂದಿನ ಕಿಸೆಯಲ್ಲಿ ದಪ್ಪ ಪಾಕೀಟು, ಹೋಗಿಬರಲು ಲೋಕಲ್ ಟ್ರೇನು. ಮೂವರ ಬೆಂಚಿನಲ್ಲಿ ಸಿಗುವ ಆ ‘ಫೋರ್ತ್ ಸೀಟ್’ ಅಂದರೆ ಒಂದು ಕುಂಡೆ ಬೆಂಚಿನ ಮೇಲೆ, ಇನ್ನೊಂದು ಗಾಳಿಯಲ್ಲಿ. ದಹಿಸರಿನಿಂದ ಚರ್ಚ್‌ಗೇಟಿಗೆ ಗಂಟೆಯ ಹಾದಿ! ಸೊಂಟ ಹಿಡಿಯಿತು, ನೋವು ಕುಂಡೆಯಿಂದ ತೊಡೆಯ ಹಿಂಬದಿಗೆ ಇಳಿಯಿತು, ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಬೆನ್ನುಮೂಳೆಯ ಎಂಆರ್‌ಐನಲ್ಲಿ ಹೇಳಿಕೊಳ್ಳುವಂಥದ್ದೇನೂ ಸಿಗಲಿಲ್ಲ.

ಕಳ್ಳ ಅಡಗಿದ್ದದ್ದು ಇನ್ನೂ ಕೆಳಗೆ. ಕುಂಡೆಯ ದೊಡ್ಡ ಸ್ನಾಯುವಿನ ಅಡಿಯಲ್ಲಿ, ಬೆನ್ನಿನ ತಳದ ತ್ರಿಕಾಸ್ಥಿಯಿಂದ ತೊಡೆಮೂಳೆಯ ಮೇಲ್ತುದಿಯವರೆಗೆ ಚಾಚಿದ, ಪೇರ್ ಹಣ್ಣಿನ ಆಕಾರದ ಒಂದು ಪುಟ್ಟ ಸ್ನಾಯುವಿದೆ. ಹೆಸರು ಪಿರಿಫಾರ್ಮಿಸ್. ದೇಹದ ಅತಿ ದಪ್ಪ ನರವಾದ ಸಿಯಾಟಿಕ್ ಸಾಮಾನ್ಯವಾಗಿ ಹಾಯುವುದು ಇದರ ಬುಡದಲ್ಲೇ. ಕೆಲವರಲ್ಲಂತೂ ಆ ನರದ ಒಂದು ಕವಲು ಸ್ನಾಯುವನ್ನೇ ತೂರಿಕೊಂಡು ಹೋಗುತ್ತದೆ! ಸ್ನಾಯು ಬಿಗಿದುಕೊಂಡರೆ ನರಕ್ಕೆ ಉಸಿರುಕಟ್ಟುತ್ತದೆ.

ಅಷ್ಟು ಆಳದಲ್ಲಿರುವುದನ್ನು ಹುಡುಕುವುದು ಹೇಗೆ? ವೈದ್ಯರು ಅಲ್ಟ್ರಾಸೌಂಡ್ ಪ್ರೋಬ್ ಒತ್ತಿ ಹಿಡಿದರು. ಪರದೆಯ ಮೇಲೆ ಬೂದುಬಣ್ಣದ ಪದರಗಳು, ನನಗೆ ಎಲ್ಲವೂ ಒಂದೇ. “ಮಾಮಾ, ಕಾಲು ಸಡಿಲ ಬಿಡಿ, ನೀವೇನೂ ಮಾಡ್ಬೇಡಿ,” ಎಂದು ಅವರ ಮೊಣಕಾಲನ್ನು ಮಡಚಿ, ಪಾದವನ್ನು ಮೆಲ್ಲಗೆ ಒಳಗೂ ಹೊರಗೂ ಆಡಿಸಿದರು. ಆಗ ನೋಡಬೇಕು! ಮೇಲಿನ ಪದರ ಸುಮ್ಮನಿದೆ, ಅಡಿಯದೊಂದೇ ಆಚೆ ಈಚೆ ಜಾರುತ್ತಿದೆ. ಅದೇ ಪಿರಿಫಾರ್ಮಿಸ್. ಸೂಜಿ ಬೆಳ್ಳಗೆ ಹೊಳೆಯುವ ಗೆರೆಯಾಗಿ ಒಳಗಿಳಿದು ಸರಿಯಾಗಿ ಅದರ ನಡುವೆ ನಿಂತಿತು. ಹಿಂದಿನ ಸಲ ಮರಗಟ್ಟಿಸುವ ಮದ್ದಾದ ಲಿಗ್ನೋಕೇನನ್ನಷ್ಟೇ ಕೊಟ್ಟು ಪರೀಕ್ಷಿಸಿದ್ದರು. ಅವತ್ತು ಮಾವ ಎದ್ದು ಕುರ್ಚಿಯಲ್ಲಿ ಎರಡೂ ಕುಂಡೆ ಊರಿ ಕೂತು, “ಹೋಯ್, ಕೂತುಕೊಳ್ಳಲಿಕ್ಕೆ ಆಗ್ತದೆ ಮಾರಾಯಾ!” ಅಂದಿದ್ದರು. ಆ ಸುಖ ಕೆಲವೇ ಗಂಟೆಗಳದ್ದು. ಆದರೆ ಕಳ್ಳ ಯಾರೆಂಬುದು ಖಾತ್ರಿಯಾಗಿತ್ತು.

ಈ ವಿಷ ಮದ್ದಾದ ಕಥೆಯೋ, ಕೇಳಿದಷ್ಟೂ ಬೆರಗು. ಯೂಸ್ಟಿನಸ್ ಕೆರ್ನರ್ ಎಂಬ ಜರ್ಮನ್ ವೈದ್ಯ, ಕವಿಯೂ ಹೌದು, ಕೆಟ್ಟ ಸಾಸೇಜ್ ತಿಂದು ಸತ್ತವರನ್ನು ಅಧ್ಯಯನ ಮಾಡುತ್ತ ಆ ವಿಷದ ಸಾರವನ್ನು ತಾನೇ ರುಚಿ ನೋಡಿದ. ಅತ್ಯಲ್ಪ ಪ್ರಮಾಣದಲ್ಲಿ ಕೊಟ್ಟರೆ ಹತೋಟಿ ತಪ್ಪಿದ ನರಗಳನ್ನು ಇದು ತಣಿಸಬಹುದೆಂದು 1822ರಷ್ಟು ಹಿಂದೆಯೇ ಬರೆದಿಟ್ಟ! 1895ರಲ್ಲಿ ಬೆಲ್ಜಿಯಂನ ಎಲ್ಲೆಜೆಲ್ ಹಳ್ಳಿಯಲ್ಲಿ ಶವಸಂಸ್ಕಾರಕ್ಕೆ ಬಂದ ವಾದ್ಯದವರು ಹಂದಿಮಾಂಸ ತಿಂದು ಕಾಯಿಲೆ ಬಿದ್ದರು, ಮೂವರು ಸತ್ತರು. ಆ ಮಾಂಸದಲ್ಲೇ ಎಮಿಲ್ ವಾನ್ ಎರ್ಮೆಂಗೆಮ್ ಎಂಬ ವಿಜ್ಞಾನಿ ಈ ವಿಷ ಹುಟ್ಟಿಸುವ ರೋಗಾಣುವನ್ನು ಹಿಡಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದ ಕಣ್ಣಿನ ವೈದ್ಯ ಅಲನ್ ಸ್ಕಾಟ್ ಕೋತಿಗಳ ಮೇಲೆ ಪ್ರಯೋಗಿಸಿ, ಬಳಿಕ ಮನುಷ್ಯರ ಮೆಳ್ಳಗಣ್ಣಿಗೆ ಇದನ್ನು ಚುಚ್ಚಿದರು. 1989ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಎಡ್ವರ್ಡ್ ಶಾಂಟ್ಸ್ ಎಂಬ ವಿಜ್ಞಾನಿ 1979ರ ನವೆಂಬರಿನಲ್ಲಿ ತಯಾರಿಸಿದ ಒಂದೇ ಒಂದು ಕಂತು, ಗ್ರಾಮಿನ ಕಾಲು ಭಾಗವೂ ಇಲ್ಲದ್ದು, ‘ಬೊಟಾಕ್ಸ್’ ಎಂಬ ಹೆಸರಿನಲ್ಲಿ ಮಾರುವ ಈ ಮದ್ದಿಗೆ 1997ರವರೆಗೆ ಸಾಕಾಯಿತು!

ಇದು ಮಾಡುವ ಕೆಲಸ ಎಷ್ಟು ನಾಜೂಕು ನೋಡಿ. ‘ಬಿಗಿ’ ಎಂಬ ಆಜ್ಞೆಯನ್ನು ಸ್ನಾಯುವಿಗೆ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಟಾಕ್ಸಿನ್ ನರದ ತುದಿಯೊಳಗೆ ನುಗ್ಗಿ, ಆ ರಾಸಾಯನಿಕ ಹೊರಬರಲು ಬೇಕಾದ ಸ್ನ್ಯಾಪ್-25 ಎಂಬ ಪ್ರೊಟೀನನ್ನು ಕತ್ತರಿಸುತ್ತದೆ. ಆಜ್ಞೆ ಬರುವುದಿಲ್ಲ, ಸ್ನಾಯು ಬಿಗಿ ಬಿಡುತ್ತದೆ. ಇದೆಲ್ಲ ನಡೆಯಲು ಸಮಯ ಬೇಕು, ಅದಕ್ಕೇ ಚುಚ್ಚಿದ ದಿನ ಮಾವನಿಗೆ ಏನೂ ಅನಿಸಲಿಲ್ಲ. ಕೆಲವು ದಿನಗಳಲ್ಲಿ ಗುಣ ತೋರಿ, ಸುಮಾರು ಮೂರು ತಿಂಗಳು ನಿಂತು, ನರ ಮತ್ತೆ ಚೇತರಿಸಿಕೊಳ್ಳುತ್ತದೆ. ಆ ಮೂರು ತಿಂಗಳಲ್ಲಿ ಫಿಸಿಯೋಥೆರಪಿ ಮಾಡಿಕೊಳ್ಳದವರಿಗೆ ಈ ಸೂಜಿ ದಂಡ ಎಂದೇ ನನ್ನ ಅಭಿಪ್ರಾಯ. ಪಿರಿಫಾರ್ಮಿಸ್ ನೋವು ಎಫ್‌ಡಿಎ ಒಪ್ಪಿದ ಬಳಕೆಗಳ ಪಟ್ಟಿಯಲ್ಲಿಲ್ಲ. ವೈದ್ಯರು ತಮ್ಮ ವಿವೇಚನೆಯ ಮೇಲೆ ಕೊಡುತ್ತಾರೆ. ಗರ್ಭಿಣಿಯರು, ಮಯಸ್ತೇನಿಯಾ ಗ್ರೇವಿಸ್‌ನಂಥ ನರ-ಸ್ನಾಯುಗಳ ಕಾಯಿಲೆ ಇರುವವರು ಮೊದಲೇ ಹೇಳಿಬಿಡಬೇಕು.

ಸ್ನಾಯುವಿಗೆ ಸೂಜಿ ಚುಚ್ಚುವ ಚಿಕಿತ್ಸೆಯಲ್ಲಿ ಇನ್ನೊಂದು ವಿಸ್ಮಯ! ಬೆನ್ನುನೋವಿನಿಂದ ನರಳುತ್ತಿದ್ದ ಜಾನ್ ಕೆನಡಿ 1955ರಲ್ಲಿ ಜ್ಯಾನೆಟ್ ಟ್ರಾವೆಲ್ ಎಂಬ ವೈದ್ಯೆಯ ಬಳಿ ಹೋದರು. ಆಕೆ ಗಂಟುಗಟ್ಟಿದ ಸ್ನಾಯುಗಳಿಗೆ ಪ್ರೊಕೇನ್ ಎಂಬ ಮರಗಟ್ಟಿಸುವ ಮದ್ದನ್ನು ಚುಚ್ಚಿದರು. 1961ರಲ್ಲಿ ಅಮೆರಿಕದ ಅಧ್ಯಕ್ಷರಾಗಿ ಶ್ವೇತಭವನಕ್ಕೆ ಹೋದಾಗ ಕೆನಡಿ ಆಕೆಯನ್ನೇ ತಮ್ಮ ವೈದ್ಯೆಯಾಗಿ ಕರೆದೊಯ್ದರು. ಆದರೆ 1979ರಲ್ಲಿ ಜೆಕ್ ವೈದ್ಯ ಕಾರೆಲ್ ಲೆವಿಟ್ ಪ್ರಕಟಿಸಿದ್ದೇನು? ನೋವಿನ ಬಿಂದುವಿಗೆ ಕರಾರುವಾಕ್ಕಾಗಿ ತಾಗಿದರೆ ಮದ್ದೇ ಇಲ್ಲದ ಬರಿ ಸೂಜಿಯೂ ಹಲವರ ನೋವನ್ನು ಕೂಡಲೇ ಇಳಿಸುತ್ತದೆ ಎಂದು! ಇಂದಿನ ‘ಡ್ರೈ ನೀಡ್ಲಿಂಗ್’ ಚಿಕಿತ್ಸೆಗೆ ಅದು ದೊಡ್ಡ ಬಲ ಕೊಟ್ಟಿತು.

ಮಾವನ ಸರದಿಗೆ ಕಾಯುವಾಗ ಪಕ್ಕದಲ್ಲೊಬ್ಬ ತಾಯಿ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ಮಗುವಿಗೆ ಸೆರೆಬ್ರಲ್ ಪಾಲ್ಸಿ, ತೊಡೆಯ ಒಳಬದಿಯ ಸ್ನಾಯುಗಳು ಸೆಟೆದು ಕಾಲುಗಳು ಕತ್ತರಿ ಹಾಕಿಕೊಂಡಿದ್ದವು. ಹೀಗೇ ವರ್ಷಗಟ್ಟಲೆ ಎಳೆದರೆ ಸೊಂಟದ ಕೀಲು ಗೂಡಿನಿಂದ ಜರುಗುವ ಭಯವಿದೆ. ಇಂಥ ಮಕ್ಕಳಿಗೆ ತೂಕ ನೋಡಿ ಡೋಸ್ ಲೆಕ್ಕಹಾಕಿ ಇದೇ ಟಾಕ್ಸಿನ್ ಕೊಡುತ್ತಾರೆ. ಕೀಲು ಜರುಗುವುದನ್ನು ತಡೆಯಲು ಇದೊಂದೇ ಸಾಲದು, ಎಕ್ಸ್‌ರೇ ತೆಗೆಸುತ್ತ ಕಣ್ಣಿಟ್ಟಿರಬೇಕು, ಕೆಲವರಿಗೆ ಶಸ್ತ್ರಕ್ರಿಯೆಯೂ ಬೇಕಾಗುತ್ತದೆ. ಆ ತಾಯಿಗೆ ಹಿಂದಿನ ಸಲದ ಇಂಜೆಕ್ಷನ್ನಿನಿಂದ ಏನು ಅನುಕೂಲವಾಯಿತೆಂದು ಕೇಳಿದೆ. “ಡಯಾಪರ್ ಬದಲಿಸುವಾಗ ಈಗ ಅಳುವುದಿಲ್ಲ,” ಅಂದರು.