ಮಣಿಕಟ್ಟಿನ ಶಸ್ತ್ರಚಿಕಿತ್ಸೆ ಯಾವಾಗ?

ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುವವರೆಲ್ಲರಿಗೂ
ಶಸ್ತ್ರಚಿಕಿತ್ಸೆ ಅಗತ್ಯವೇ?

ಮಣಿಕಟ್ಟಿನ ಮೂಳೆಗಳಿಗೂ ಅವುಗಳ ಮೇಲೆ ಬಿಗಿದ ಗಟ್ಟಿ ನಾರಿನ ಪಟ್ಟಿಗೂ ನಡುವಿನ ಕಿರುದಾರಿಯೇ ಕಾರ್ಪಲ್ ಟನಲ್;
9 ಸ್ನಾಯುರಜ್ಜುಗಳೊಡನೆ ಮೀಡಿಯನ್ ನರವೂ ಅದರಲ್ಲೇ ಸಾಗುವುದರಿಂದ,
ಊತ ಬಂದಾಗ ಆ ನರ
ತುಂಬಿದ ಬಸ್ಸಿನ ಬಾಗಿಲಲ್ಲಿ ಸಿಕ್ಕ ಪ್ರಯಾಣಿಕನಂತೆ ನಲುಗುತ್ತದೆ.

ಜೋಮು ಬಂದು ಹೋಗುತ್ತಿದ್ದರೆ,
ಮಣಿಕಟ್ಟು ಬಾಗದಂತೆ ತಡೆಯುವ ಸ್ಪ್ಲಿಂಟನ್ನು
ಕೆಲವು ವಾರ ರಾತ್ರಿ ಧರಿಸಿ ನೋಡುವುದು ಸಮಂಜಸ;
ಆದರೆ ಹೆಬ್ಬೆರಳ ಬುಡದ ಮಾಂಸಲ ಉಬ್ಬು ಸೊರಗಿ,
ಅಂಗಿಯ ಗುಂಡಿ ಹಾಕಲೂ ಬೆರಳು ತಡವರಿಸುತ್ತಿದ್ದರೆ,
ಕಾಯುವುದು ಜಾಣತನವಲ್ಲ.

ಶಸ್ತ್ರಚಿಕಿತ್ಸೆಯಲ್ಲಿ ಆ ಪಟ್ಟಿಯನ್ನು ಕತ್ತರಿಸಿ ನರಕ್ಕೆ ಜಾಗ ಮಾಡಲಾಗುತ್ತದೆ;
ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆದರೂ,
ಅಂಗೈಬುಡದ ನೋವು ಆರಿ ಹಿಡಿತದ ಬಲ ಮರಳಲು
ತಿಂಗಳುಗಳೇ ಬೇಕು.
ಬೆರಳುಗಳನ್ನು ಬೇಗನೆ ಆಡಿಸತೊಡಗಬೇಕು,
ತುಂಬಿದ ಬಿಂದಿಗೆಯನ್ನು ಮಾತ್ರ ಎತ್ತಬಾರದು.

ತೀರ ತಡಮಾಡಿದವರಲ್ಲಿ
ಸೊರಗಿದ ಸ್ನಾಯು ಪೂರ್ತಿ ಚೇತರಿಸಿಕೊಳ್ಳದೆಯೂ ಇರಬಹುದು.