ಹರಿಹರದ ಹೊಳೆದಂಡೆಯಲ್ಲಿ ಒಂದು ದಿನ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿರುವ ನಮ್ಮ ಮನೆಯಿಂದ ಹರಿಹರ ಸುಮಾರು 14 ಕಿಲೋಮೀಟರು. ಇಷ್ಟು ಹತ್ತಿರದ ಊರನ್ನು ನೋಡಲೆಂದು ಯಾರೂ ಹೋಗುವುದಿಲ್ಲ. ಅದನ್ನು ಹಾದು ಹೋಗುತ್ತಾರೆ, ಅಷ್ಟೆ. ಹುಬ್ಬಳ್ಳಿಯ ಮದುವೆ, ಧಾರವಾಡದ ನಾಮಕರಣ ಎಂದು ನಾವೂ ಎಷ್ಟೋ ಬಾರಿ ಹಾಗೆಯೇ ಹಾದುಹೋದವರು. ಈ ಬೇಸಿಗೆಯ ಒಂದು ಭಾನುವಾರ ಅಲ್ಲಿಯೇ ಇಳಿದು ದಿನವಿಡೀ ಕಳೆದೆವೆಂದರೆ, ಅದಕ್ಕೆ ಎಂಬತ್ತೈದು ದಾಟಿದ ನಮ್ಮ ತಾಯಿಯವರೇ ಕಾರಣ.

“ಆ ಸೇತುವಿ ಮ್ಯಾಲೆ ಎಷ್ಟು ಸಲ ಅಡ್ಡಾಡೀನೋ ಲೆಕ್ಕ ಇಲ್ಲಪ್ಪ. ಆದರ ಅದು ಹ್ಯಾಂಗೈತಿ ಅಂತ ಒಮ್ಮೆಯೂ ನೋಡಿಲ್ಲ. ಮ್ಯಾಲೆ ಹೋಗೋರಿಗೆ ಸೇತುವಿ ಎಲ್ಲಿ ಕಾಣತೈತಿ?” ಎಂದು ಅವರು ಒಂದು ಸಂಜೆ ಕೇಳಿದರು. ಅವರ ಎಡಗಣ್ಣಿನ ದೃಷ್ಟಿ ಆಗಲೇ ಹೋಗಿದೆ; ಬಲಗಣ್ಣೂ ದಿನೇ ದಿನೇ ಮಸುಕಾಗುತ್ತಿದೆ. ಮುಂದಿನ ರಜೆಗೆ ನೋಡೋಣವೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನಗಳ ಬುತ್ತಿ ಕಟ್ಟಿಕೊಂಡು ಬೆಳಗಿನ ರೈಲು ಹಿಡಿದೆವು. ಮಕ್ಕಳು ಕಿಟಕಿಯ ಜಾಗಕ್ಕೆ ಜಗಳವಾಡಿ ಮುಗಿಸುವಷ್ಟರಲ್ಲಿ ಹರಿಹರ ಬಂದೇಬಿಟ್ಟಿತು.

ಮೊದಲು ಹರಿಹರೇಶ್ವರನ ದರ್ಶನ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1223-24ರಲ್ಲಿ ಕಟ್ಟಿಸಿದ ಗುಡಿ ಇದು. ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಬೇಲೂರು ಹಳೇಬೀಡುಗಳನ್ನು ಕಂಡ ಕಣ್ಣಿಗೆ ಇಲ್ಲಿಯ ಬೋಳು ಛಾವಣಿ ಸ್ವಲ್ಪ ನಿರಾಶೆಯನ್ನು ಉಂಟುಮಾಡಬಹುದು. ಆದರೆ ಮಂಟಪದ ಕಂಬಗಳನ್ನು ನೋಡಬೇಕು! ಚರಕಿಗೆ ಕೊಟ್ಟು ಕಡೆದಂತೆ ನುಣುಪಾದ, ದುಂಡಾದ ಕಂಬಗಳು. ಇದೇ ಊರಿನಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ, ಲೇತ್ ಯಂತ್ರಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳುಹಿಸಿತಲ್ಲ, ಕಲ್ಲನ್ನು ತಿರುಗಿಸಿ ಕಡೆದ ಊರಿನಲ್ಲೇ ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ! ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ಕಂಬಗಳು ಇನ್ನೂ ನಿಂತಿವೆ.

ಗುಡಿಯ ಶಾಸನಗಳನ್ನು ಓದುವ ಸಾಹಸಕ್ಕೆ ನನ್ನ ಹಿರಿಯ ಮಗಳು ಇಳಿದಳಾದರೂ, ಅಜ್ಜಿಗೆ ಅವಸರ. ಆಟೋ ಹಿಡಿದು ಹೊಳೆಗೆ ನಡೆದೆವು.

ತುಂಗೆಯೂ ಭದ್ರೆಯೂ ಕೂಡ್ಲಿಯಲ್ಲಿ ಸೇರಿ, ಒಂದೇ ಹೆಸರಾಗಿ ಇಲ್ಲಿಗೆ ಬರುತ್ತವೆ. ಬಿಸಿಲಿಗೆ ನೀರು ತಗ್ಗಿತ್ತು. ಆ ತಗ್ಗಿದ ನೀರಿನ ಮೇಲೆ ಸಾಲಾಗಿ ನಿಂತಿದ್ದವು ಹಳೆಯ ಸೇತುವೆಯ ಕಮಾನುಗಳು. 1868ರಲ್ಲಿ, ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, ಬೆಂಗಳೂರು-ಧಾರವಾಡ ಹೆದ್ದಾರಿಗಾಗಿ ಕಲ್ಲು ಇಟ್ಟಿಗೆಗಳಿಂದ ಕಟ್ಟಿದ ಸೇತುವೆ ಇದು. ಒಂದೊಂದು ಕಮಾನು 60 ಅಡಿ ಅಗಲ; ಒಟ್ಟು 14 ಕಮಾನು; ವೆಚ್ಚ ಸುಮಾರು ಮೂರೂವರೆ ಲಕ್ಷ ರೂಪಾಯಿ. ಊರಿನ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ 1865ರವರೆಗೆ ದೇಶೀ ಸಿಪಾಯಿಗಳ ದಂಡೂ ಇತ್ತು. ದಂಡು ಎದ್ದುಹೋದ ಮೂರು ವರ್ಷಕ್ಕೆ ಸೇತುವೆ ಮುಗಿಯಿತು! ಆಮೇಲೆ ಅದನ್ನು ದಾಟಿದ್ದು ಧಾರವಾಡ ಸೀಮೆಯ ಹತ್ತಿಯ ಬಂಡಿಗಳು, ಸಂತೆಯ ದನಗಳು, ಮದುವೆಯ ದಿಬ್ಬಣಗಳು.

ಅಂಥ ಒಂದು ದಿಬ್ಬಣದಲ್ಲಿ, 1955ರಲ್ಲಿ, ನಮ್ಮ ತಾಯಿ ಹದಿನೈದರ ಹುಡುಗಿಯಾಗಿ ಎತ್ತಿನ ಬಂಡಿಯಲ್ಲಿ ಈಚೆ ಬಂದರು. ತವರು ಆಚೆಯ ದಂಡೆಯ ರಾಣೇಬೆನ್ನೂರು ತಾಲ್ಲೂಕು. ಅದು ಆಗ ಮುಂಬಯಿ ರಾಜ್ಯ, ಈಚೆಯದು ಮೈಸೂರು. ಅತ್ತ ಹರಪನಹಳ್ಳಿಯ ಕಡೆ 1953ರವರೆಗೆ ಮದರಾಸಿನದು. ಮೂರು ಸರಕಾರಗಳು, ಒಂದೇ ಕನ್ನಡ. ಆದರೂ ಬೀದಿಯ ಹೆಂಗಸರು ಅವರ ಮಾತು ಕೇಳಿ ನಗುತ್ತಿದ್ದರಂತೆ. “ಮುಂಬಯಿ ಸರಕಾರದ ಸೊಸೆ” ಎಂದು ಹೆಸರಿಟ್ಟಿದ್ದರಂತೆ. “ಅಡಿಗಿಮನಿಯಾಗ ಕುಂತು ಅತ್ತೀನಿ” ಎಂದು ತಾಯಿ ಹೇಳಿದ್ದನ್ನು ನಾನು ಅಂದೇ ಮೊದಲು ಕೇಳಿದೆ.

ಮರುವರ್ಷ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾಗಿ ಎರಡು ದಂಡೆಗಳೂ ಒಂದಾದವು. ಆ ವಾರವೇ ಅಜ್ಜನವರು ಒಂದು ಚೀಲ ಶೇಂಗಾ ಹೊತ್ತು ಸೇತುವೆ ದಾಟಿ ಬಂದು, ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ, “ಇನ್ನ ನನ್ನ ಮಗಳು ಪರರಾಜ್ಯದಾಕಿ ಅಲ್ಲರಿ” ಎಂದರಂತೆ. ಬಾಯಿಗಳು ಅಂದೇ ಮುಚ್ಚಿದವೋ ಇಲ್ಲವೋ ತಿಳಿಯದು. ಶೇಂಗಾ ಮಾತ್ರ ಬೀದಿಗೆಲ್ಲ ಹಂಚಿಹೋಯಿತು. ಸರಕಾರಿ ಕಾಗದದಲ್ಲಿ ಹೊಳೆಯ ನಡುವೆ ಗೆರೆ ಇಂದಿಗೂ ಇದೆ: 1997ರಿಂದ ಈಚೆ ದಾವಣಗೆರೆ ಜಿಲ್ಲೆ, ಆಚೆ ಹಾವೇರಿ ಜಿಲ್ಲೆ.

ಅವರನ್ನು ನೆರಳಿನಲ್ಲಿ, ಕಲ್ಲಿನ ಮೇಲೆ ಕೂರಿಸಿದೆವು. ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ಬಹಳ ಹೊತ್ತು ನೋಡಿದರು. ಹತ್ತಿರದ ಮೂರು ನಾಲ್ಕು ಕಮಾನು ಸ್ಪಷ್ಟ. ಉಳಿದವು ಹೊಗೆಯಂತೆ ಕಾಣುತ್ತಿವೆ ಎಂದರು. ಆಗ ಕಿರಿಯವನು ಯಾರೂ ಹೇಳದೆಯೇ ಅಜ್ಜಿಯ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಕಮಾನಿಗೆ ಒಂದೊಂದು ಬಾರಿ ಬೆರಳಿನಿಂದ ತಟ್ಟುತ್ತ ಎಣಿಸತೊಡಗಿದ. ಮೊದಲ ಸಲ ಲೆಕ್ಕ ತಪ್ಪಿ ಹನ್ನೆರಡಾಯಿತು, ಅಕ್ಕ ಗದರಿದಳು. ಎರಡನೆಯ ಸಲ ಹದಿನಾಲ್ಕು.

“ಅಜ್ಜಿ, ಇದರಲ್ಲಿ ಮುಂಬಯಿಯವು ಎಷ್ಟು, ಮೈಸೂರಿನವು ಎಷ್ಟು?” ಎಂದು ಕೇಳಿದ.

“ಏಳು ನಮ್ಮಪ್ಪಂದು, ಏಳು ನಿಮ್ಮಜ್ಜಂದು,” ಎಂದು ಹೇಳಿ ಅವರು ಅಂಗೈ ಮುಚ್ಚಿಕೊಂಡರು. “ಹಸಿವಾಗೇತಿ, ಬುತ್ತಿ ಬಿಚ್ಚರಿ.”