ನೆಲ ಬಿಡದ ಚಕ್ರ: ಚಾಸಿ ಮೇಲಿನ ದೊಡ್ಡ ಗಾಡಿಗೆ ಟಾರು ರಸ್ತೆಯ ಹಿಡಿತ

ಹಿರೇಹಡಗಲಿಯ ಸುತ್ತಲಿನ ಎರೆಹೊಲಗಳ ನಡುವೆ ಹಾಯ್ದುಹೋಗುವ ಟಾರು ರಸ್ತೆ ವರ್ಷವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಮೇಲಿನ ಟಾರೂ ಅದರೊಂದಿಗೆ ಏರಿಳಿದು ಅಲೆಯಲೆಯಾಗುತ್ತದೆ, ಅಂಚು ಮುರಿದು ಪಕ್ಕದ ಮಣ್ಣಿಗಿಂತ ಎತ್ತರದಲ್ಲಿ ನಿಲ್ಲುತ್ತದೆ. ಕೂಡ್ಲಿಗಿಯ ಕಡೆ ಹೋದರೆ ಮಸಾರಿ ನೆಲ, ಗಟ್ಟಿ ತಳ. ಅಲ್ಲಿ ರಾಷ್ಟ್ರೀಯ ಹೆದ್ದಾರಿ 50ಕ್ಕೆ ಹತ್ತಿದ ಗಾಡಿ ನೋಡನೋಡುತ್ತ ನೂರು ಕಿಲೋಮೀಟರ್ ವೇಗ ಮುಟ್ಟುತ್ತದೆ. ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸೀಮೆಯ ಒಂದು ಫಾರ್ಚುನರ್ ಹೊಲದ ದಾರಿ, ಅಲೆಬಿದ್ದ ಜಿಲ್ಲಾ ರಸ್ತೆ, ಅಗಲವಾದ ಹೆದ್ದಾರಿ ಮೂರನ್ನೂ ಒಂದೇ ದಿನದಲ್ಲಿ ತುಳಿಯಬಲ್ಲದು. ಹೊಲದ ದಾರಿಯಲ್ಲಿ ಅದಕ್ಕೆ ಸಾಟಿಯಿಲ್ಲ. ಟಾರಿನ ಮೇಲೆ ಮಾತ್ರ ಹಿಂದೆ ಕುಳಿತವರು ತೊನೆಯುತ್ತಾರೆ, ತಿರುವಿನಲ್ಲಿ ಗಾಡಿ ವಾಲುತ್ತದೆ, ಗಟ್ಟಿ ಬ್ರೇಕ್ ಹಾಕಿದರೆ ಮೂತಿ ತಗ್ಗುತ್ತದೆ. ಇದಕ್ಕೆ ಪರಿಹಾರವೆಂದು ಹೆಚ್ಚಿನವರು ಗಟ್ಟಿ ಸ್ಪ್ರಿಂಗ್, ಅಗಲ ಟಯರ್, ದೊಡ್ಡ ಅಲಾಯ್ ಚಕ್ರಗಳತ್ತ ಓಡುತ್ತಾರೆ. ಆದರೆ ವಾಲುವುದು ರೋಗದ ಲಕ್ಷಣವಷ್ಟೇ, ಚಕ್ರ ನೆಲದ ಹಿಡಿತ ಕಳೆದುಕೊಳ್ಳುವುದೇ ರೋಗ. ಆದ್ದರಿಂದ ಸುಧಾರಣೆ ಟಯರಿನಿಂದ ಶುರುವಾಗಿ ಮೇಲಕ್ಕೆ ಸಾಗಬೇಕು ಎಂಬುದು ಈ ಅಧ್ಯಾಯದ ವಾದ.

ಮೊದಲು ಈ ಗಾಡಿಗಳ ಹುಟ್ಟುಗುಣ ನೋಡೋಣ. ಏಣಿಯ ಆಕಾರದ ಉಕ್ಕಿನ ಚಾಸಿ, ಅದರ ಮೇಲೆ ರಬ್ಬರ್ ಮೌಂಟುಗಳ ನಡುವೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ, ಇದು ಲಾರಿಯ ರಚನೆ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 2000ದಲ್ಲಿ ಮಾರುಕಟ್ಟೆಗೆ ತಂದ ಕ್ವಾಲಿಸ್, 2005ರ ಇನ್ನೋವಾ, 2009ರ ಫಾರ್ಚುನರ್ ಎಲ್ಲವೂ ಚಾಸಿಯ ಮೇಲಿನ ಗಾಡಿಗಳೇ. ಫಾರ್ಚುನರ್‌ನ ಮುಂದಿನ ಎರಡು ಚಕ್ರಗಳು ತಮ್ಮ ಪಾಡಿಗೆ ತಾವು ಏರಿಳಿಯುತ್ತವೆ. ಹಿಂದಿನ ಎರಡನ್ನು ಮಾತ್ರ ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಭಾರ ಹೊರಲು, ಒರಟು ನೆಲ ದಾಟಲು, ಬಾಳಿಕೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕಡಿಮೆ. ಆದರೆ ಆಕ್ಸಲ್ ಮತ್ತು ಅದರ ನಡುವಿನ ಡಿಫರೆನ್ಷಿಯಲ್‌ನ ಭಾರ ಸ್ಪ್ರಿಂಗಿನ ಕೆಳಗೆ ಉಳಿಯುತ್ತದೆ. ಎಡಚಕ್ರ ಗುಂಡಿಗೆ ಇಳಿದರೆ ಬಲಚಕ್ರವೂ ಓರೆಯಾಗುತ್ತದೆ. ಭಾರವಾದ ಆಕ್ಸಲ್ ಒಮ್ಮೆ ಮೇಲೆದ್ದರೆ ಮತ್ತೆ ನೆಲ ಸೇರಲು ಹೊತ್ತು ಹಿಡಿಯುತ್ತದೆ, ಆ ಕ್ಷಣದಲ್ಲಿ ಹಿಡಿತ ಇರುವುದಿಲ್ಲ.

ಎರಡನೆಯ ಗುಣ ಎತ್ತರ. ಮೇವು ಹೇರಿದ ಬಂಡಿ ಖಾಲಿ ಬಂಡಿಗಿಂತ ಬೇಗ ಮಗುಚುವುದು ಏಕೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಡಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಸಿಗುವ ಅಂಕಿಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಮಗುಚುವ ಅಪಾಯದ ಅಳತೆಯಾಗಿ ಬಳಸುತ್ತದೆ. ಸಾಮಾನ್ಯ ಕಾರಿಗೆ ಅದು 1.3ರಿಂದ 1.5, ಎಸ್‌ಯುವಿಗಳಿಗೆ 1.0ರಿಂದ 1.3; ಅಂಕಿ ಇಳಿದಷ್ಟೂ ಅಪಾಯ ಹೆಚ್ಚು. ಲೆಕ್ಕಕ್ಕಾಗಿ 2,200 ಕಿಲೋ ತೂಕದ, ಚಕ್ರಗಳ ಅಂತರ 1.55 ಮೀಟರ್, ಗುರುತ್ವಕೇಂದ್ರ 75 ಸೆಂಟಿಮೀಟರ್ ಎತ್ತರದಲ್ಲಿರುವ ಗಾಡಿಯೊಂದನ್ನು ಇಟ್ಟುಕೊಳ್ಳೋಣ. ಅದರ ಅಂಕಿ 1.03. ಮೇಲಿನ ಕ್ಯಾರಿಯರ್‌ಗೆ 100 ಕಿಲೋ ಕಟ್ಟಿದರೆ ಗುರುತ್ವಕೇಂದ್ರ 80 ಸೆಂಟಿಮೀಟರಿಗೆ ಏರಿ ಅಂಕಿ 0.97ಕ್ಕೆ ಇಳಿಯುತ್ತದೆ. ನೋಟಕ್ಕೆಂದು ಎರಡು ಇಂಚು ಎತ್ತರಿಸುವ ಕಿಟ್ ಹಾಕಿಸಿದರೂ ಪರಿಣಾಮ ಹೆಚ್ಚುಕಡಿಮೆ ಇಷ್ಟೇ. ಇನ್ನು ವೇಗದ ಪಾಲು ಬೇರೆ. 50 ಮೀಟರ್ ತ್ರಿಜ್ಯದ ತಿರುವನ್ನು 40 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ ಹೊರಕ್ಕೆ ತಳ್ಳುವಂತೆ ಅನಿಸುವ ಬಲ ಗಾಡಿಯ ತೂಕದ ಕಾಲುಭಾಗ. ಅದೇ ತಿರುವಿನಲ್ಲಿ 60 ಆದರೆ ಅದು ತೂಕದ ಅರ್ಧ ದಾಟುತ್ತದೆ. ವೇಗ ಒಂದೂವರೆ ಪಟ್ಟು, ಬಲ ಎರಡೂಕಾಲು ಪಟ್ಟು. ಯಾವ ಬಿಡಿಭಾಗವೂ ಈ ಲೆಕ್ಕವನ್ನು ಅಳಿಸಲಾರದು.

ನೆಲಕ್ಕೂ ಗಾಡಿಗೂ ಇರುವ ನಂಟು ನಾಲ್ಕು ಅಂಗೈಯಗಲದ ರಬ್ಬರ್ ಮಾತ್ರ. ಹಾಗಾಗಿ ಮೊದಲ ಖರ್ಚು ಅಲ್ಲಿಗೇ ಹೋಗಬೇಕು. ಹಲವು ಫಾರ್ಚುನರ್‌ಗಳ ಟಯರಿನ ಪಕ್ಕೆಯ ಮೇಲೆ 265/60 ಆರ್18 ಎಂದು ಬರೆದಿರುತ್ತದೆ. ಅಗಲ 265 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡ 60, ಅಂದರೆ 159 ಮಿಲಿಮೀಟರ್, ರಿಮ್ಮಿನ ವ್ಯಾಸ 18 ಇಂಚು. ಇದರ ಬದಲು 20 ಇಂಚಿನ ಅಲಾಯ್ ಹಾಕಿ ಹೊರವ್ಯಾಸ ಕಾಯ್ದುಕೊಳ್ಳಲು 265/50 ಟಯರ್ ಏರಿಸಿದರೆ ಪಕ್ಕೆ 132 ಮಿಲಿಮೀಟರ್‌ಗೆ ಕುಗ್ಗುತ್ತದೆ. ನುಣುಪಾದ ಹೆದ್ದಾರಿಯಲ್ಲಿ ಸ್ಟಿಯರಿಂಗ್ ಚುರುಕಾಯಿತೆನಿಸುವುದು ನಿಜ. ಆದರೆ ಅಲೆಬಿದ್ದ ಟಾರಿನ ಮೇಲೆ ಹೊಡೆತ ನುಂಗುತ್ತಿದ್ದ ಗಾಳಿಯ ದಿಂಬು ಒಂದಿಂಚು ತೆಳುವಾಗಿರುತ್ತದೆ, ದೊಡ್ಡ ರಿಮ್ ಸಾಮಾನ್ಯವಾಗಿ ತೂಕವನ್ನೂ ಹೆಚ್ಚಿಸುತ್ತದೆ, ಚಕ್ರ ನೆಲದಿಂದ ಪುಟಿಯುತ್ತದೆ. ದೊಡ್ಡ ಬಿಲ್ಲೆಗಳ ಆಲ್ ಟೆರೇನ್ ಟಯರೂ ಹೀಗೆಯೇ. ಕೆಸರಿಗೆ ಒಳ್ಳೆಯದು, ಟಾರಿನ ತಿರುವಿನಲ್ಲಿ ಬಿಲ್ಲೆಗಳು ಬಾಗಿ ಸ್ಟಿಯರಿಂಗ್ ಮಾತು ತಡವಾಗಿ ಕೇಳುತ್ತವೆ. ಓಡಾಟದ ಬಹುಪಾಲು ಟಾರಿನ ಮೇಲಿದ್ದರೆ ಹೈವೇ ಟೆರೇನ್ ಟಯರೇ ಸರಿ. ಪಕ್ಕೆಯ ಮೇಲಿನ ಕೊನೆಯ ನಾಲ್ಕಂಕಿಯನ್ನೂ ಓದಬೇಕು: 2322 ಎಂದಿದ್ದರೆ 2022ರ 23ನೆಯ ವಾರದಲ್ಲಿ ತಯಾರಾದದ್ದು. ಗೀರು ಸವೆಯದಿದ್ದರೂ ವಯಸ್ಸಾದ ರಬ್ಬರ್ ಗಡುಸಾಗಿ ಮಳೆಯಲ್ಲಿ ಜಾರುತ್ತದೆ.

ಹವಾ ಹೊಡೆಸುವುದನ್ನು ಚಿಲ್ಲರೆ ಕೆಲಸವೆಂದು ಬಗೆಯುವವರಿಗೆ ಇತಿಹಾಸದಲ್ಲೇ ಉತ್ತರವಿದೆ. 2000ದಲ್ಲಿ ಫೈರ್‌ಸ್ಟೋನ್ ಕಂಪನಿ 65 ಲಕ್ಷ ಟಯರುಗಳನ್ನು ವಾಪಸು ಕರೆಯಿತು. ಅವುಗಳಲ್ಲಿ ಬಹಳಷ್ಟು ಫೋರ್ಡ್ ಎಕ್ಸ್‌ಪ್ಲೋರರ್ ಎಂಬ ಎಸ್‌ಯುವಿಗೆ ಹಾಕಿದವು. ಟಯರಿನ ಮೇಲ್ಪದರ ಕಳಚಿ ಗಾಡಿ ಮಗುಚಿ ಅಮೆರಿಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತಿದ್ದರು. ಟಯರಿನ ದೋಷದ ಜೊತೆ ಚರ್ಚೆಗೆ ಬಂದ ಇನ್ನೊಂದು ಸಂಗತಿ, ಫೋರ್ಡ್ ಸೂಚಿಸಿದ್ದ 26 ಪಿಎಸ್‌ಐ ಎಂಬ ಕಡಿಮೆ ಒತ್ತಡ. ಹವಾ ಕಡಿಮೆಯಾದ ಟಯರ್ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಈ ದುರಂತದ ನಂತರ ಬಂದ ಕಾನೂನಿನಿಂದಲೇ ಅಲ್ಲಿ ಹೊಸ ಗಾಡಿಗಳಿಗೆ ಟಯರ್ ಒತ್ತಡದ ಎಚ್ಚರಿಕೆ ದೀಪ ಕಡ್ಡಾಯವಾಯಿತು. ನಮ್ಮ ಬಿಸಿಲಿಗೆ ಟಯರಿನ ಶಾಖ ಮೊದಲೇ ಹೆಚ್ಚು. ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿ ಹೇಳಿದ ಒತ್ತಡವನ್ನು ಬೆಳಿಗ್ಗೆ, ಗಾಡಿ ಓಡಿಸುವ ಮೊದಲು ನೋಡಬೇಕು; ಮಯ್ಲಾರದ ಜಾತ್ರೆಗೋ ಕೊಟ್ಟೂರ ತೇರಿಗೋ ಏಳು ಮಂದಿ ತುಂಬಿ ಹೊರಟರೆ ಪೂರ್ಣ ಭಾರಕ್ಕೆ ಸೂಚಿಸಿದ ಒತ್ತಡ ಹಿಡಿಸಬೇಕು.

ಟಯರಿನ ಮೇಲೆ ಬರುವವು ಬುಷ್ ಮತ್ತು ಶಾಕ್ ಅಬ್ಸಾರ್ಬರ್. ಫಾರ್ಚುನರ್‌ನ ಹಿಂದಿನ ಆಕ್ಸಲ್ ಅಡ್ಡಡ್ಡಕ್ಕೆ ಸರಿಯದಂತೆ ಒಂದು ಓರೆ ಸರಳು ಅದನ್ನು ಚಾಸಿಗೆ ಹಿಡಿದಿಟ್ಟಿರುತ್ತದೆ. ಅದರ ಎರಡೂ ತುದಿಯಲ್ಲಿ ಮುಷ್ಟಿಗಿಂತ ಚಿಕ್ಕದಾದ ರಬ್ಬರ್ ಬುಷ್. ಅದು ಬಿರಿದರೆ ಆಕ್ಸಲ್ ಕೆಲವು ಮಿಲಿಮೀಟರ್ ಅತ್ತಿತ್ತ ಸರಿಯುತ್ತದೆ. ಹೆದ್ದಾರಿಯಲ್ಲಿ ಲೇನ್ ಬದಲಿಸುವಾಗ ಗಾಡಿಯ ಹಿಂಭಾಗ ತಡವಾಗಿ ಹಿಂಬಾಲಿಸಿದಂತೆ ಅನಿಸಲು ಇಷ್ಟೇ ಸಾಕು. ಸರಳು ಸರಿಯಿದ್ದಾಗಲೂ ಆಕ್ಸಲ್ ಏರಿಳಿಯುವಾಗ ಕಮಾನಿನ ಹಾದಿಯಲ್ಲಿ ತುಸು ಪಕ್ಕಕ್ಕೆ ಚಲಿಸುತ್ತದೆ. ಇದನ್ನು ತಪ್ಪಿಸಲೆಂದೇ ಫೋರ್ಡ್ ಎಂಡೆವರ್ ಮತ್ತು 2022ರಲ್ಲಿ ಬಂದ ಮಹೀಂದ್ರಾ ಸ್ಕಾರ್ಪಿಯೋ-ಎನ್ ಗಾಡಿಗಳ ಗಟ್ಟಿ ಆಕ್ಸಲ್‌ಗೆ ವಾಟ್ ಲಿಂಕೇಜ್ ಕೊಟ್ಟಿದ್ದಾರೆ. ಈ ಸರಳುಜೋಡಣೆಯಿಂದ ಆಕ್ಸಲ್ ಹೆಚ್ಚುಕಡಿಮೆ ನೇರವಾಗಿ ಮೇಲೆ ಕೆಳಗೆ ಓಡಾಡುತ್ತದೆ. ಇನ್ನು ಶಾಕ್ ಅಬ್ಸಾರ್ಬರ್‌ನ ಕೆಲಸ ಸ್ಪ್ರಿಂಗಿನ ಕುಣಿತವನ್ನು ಎಣ್ಣೆಯ ತಿಕ್ಕಾಟದಿಂದ ಶಾಖವಾಗಿಸಿ ತಣಿಸುವುದು. ಅಲೆಬಿದ್ದ ರಸ್ತೆಯಲ್ಲಿ ಬಿಡುವಿಲ್ಲದೆ ಓಡಿದರೆ ಎಣ್ಣೆ ಕಾಯ್ದು ನೊರೆಗಟ್ಟುತ್ತದೆ, ಹಿಡಿತ ಸಡಿಲುತ್ತದೆ. ಅದರ ಸವೆತ ನಿಧಾನವಾದ್ದರಿಂದ ದಿನವೂ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಗಾಡಿ ಮೊದಲಿನಿಂದಲೂ ಹೀಗೇ ತೊನೆಯುತ್ತಿತ್ತು ಎಂದುಕೊಳ್ಳುತ್ತಾರೆ. ಹಳೆಯ ಗಾಡಿಗೆ ಹೊಸ ಬುಷ್, ಒಳ್ಳೆಯ ಗ್ಯಾಸ್ ತುಂಬಿದ ಶಾಕ್, ವೀಲ್ ಅಲೈನ್‌ಮೆಂಟ್ ಮೂರೂ ಆದ ಮೇಲೆ ಉಳಿಯುವ ದೂರು ಬಹಳ ಕಡಿಮೆ.

ಹಾಗಾದರೆ ಸ್ಪ್ರಿಂಗನ್ನೇ ಗಟ್ಟಿ ಮಾಡಿದರೆ ವಾಲುವುದು ನಿಲ್ಲುವುದಿಲ್ಲವೇ? ನಿಲ್ಲುತ್ತದೆ, ಆದರೆ ಪ್ರತಿ ಗುಂಡಿಯಲ್ಲೂ ಚಕ್ರ ಹಾರುತ್ತದೆ. ನುಣುಪು ರಸ್ತೆಯಲ್ಲಿ ಗಳಿಸಿದ್ದನ್ನು ಹರಪನಹಳ್ಳಿ ದಾರಿಯಲ್ಲಿ ಕಳೆದುಕೊಂಡಂತೆ. ಎಡಬಲ ಚಕ್ರಗಳನ್ನು ಬೆಸೆಯುವ ದಪ್ಪನೆಯ ಸ್ಟೆಬಿಲೈಜರ್ ಬಾರ್ ಇದಕ್ಕಿಂತ ಮೇಲು. ನೇರ ರಸ್ತೆಯಲ್ಲಿ ಎರಡೂ ಚಕ್ರ ಒಟ್ಟಿಗೆ ಏರಿದಾಗ ಅದು ಅಡ್ಡಬರುವುದಿಲ್ಲ, ತಿರುವಿನಲ್ಲಿ ಮಾತ್ರ ತಿರುಚಿಕೊಂಡು ವಾಲಿಕೆ ತಡೆಯುತ್ತದೆ. ಆದರೆ ಅದರ ಬಿಗಿತ ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ: 28 ಮಿಲಿಮೀಟರಿನ ಸರಳು 30 ಆದರೆ ಬಿಗಿತ ಶೇಕಡ 32ರಷ್ಟು ಹೆಚ್ಚು. ಅತಿಯಾದರೆ ಒಂದೇ ಬದಿಯ ಗುಂಡಿಗೆ ಇಡೀ ಗಾಡಿ ಅಡ್ಡಡ್ಡ ಒದೆಯುತ್ತದೆ, ಹೊಲದ ದಾರಿಯಲ್ಲಿ ಆಕ್ಸಲ್ ಬಾಗಲಾರದೆ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಈ ಇಕ್ಕಟ್ಟಿಗೆ ಆಸ್ಟ್ರೇಲಿಯಾದ ಕೈನೆಟಿಕ್ ಕಂಪನಿ ಒಂದು ದಾರಿ ಹುಡುಕಿತು. ಅದರ ವ್ಯವಸ್ಥೆಯನ್ನು ಟೊಯೊಟಾ ಲೆಕ್ಸಸ್ ಜಿಎಕ್ಸ್ 470ರಲ್ಲೂ ಮುಂದೆ ಲ್ಯಾಂಡ್ ಕ್ರೂಸರ್‌ನಲ್ಲೂ ಬಳಸಿತು. ಅಲ್ಲಿ ಮುಂದಿನ ಹಿಂದಿನ ಸ್ಟೆಬಿಲೈಜರ್ ಬಾರುಗಳನ್ನು ಎಣ್ಣೆಯ ಕೊಳವೆಗಳು ಬೆಸೆಯುತ್ತವೆ. ತಿರುವಿನಲ್ಲಿ ಎರಡರ ಮೇಲೂ ಒಂದೇ ಬಗೆಯ ಒತ್ತಡ ಬೀಳುವುದರಿಂದ ಎಣ್ಣೆ ಕದಲುವುದಿಲ್ಲ, ಬಾರುಗಳು ಬಿಗಿಯಾಗಿ ನಿಲ್ಲುತ್ತವೆ. ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಏರುವಂಥ ಉಬ್ಬುತಗ್ಗಿನಲ್ಲಿ ಎಣ್ಣೆ ಹರಿದು ಬಾರುಗಳು ಸಡಿಲಗೊಳ್ಳುತ್ತವೆ. ಕೋಟಿ ರೂಪಾಯಿಯ ಗಾಡಿ ಕಟ್ಟುವವರೂ ಬರಿಯ ಬಿಗಿತವನ್ನು ನಂಬಲಿಲ್ಲ, ಬೇಕಾದಾಗ ಸಡಿಲಿಸುವ ಉಪಾಯ ಹುಡುಕಿದರು ಎಂಬುದು ಗಮನಿಸಬೇಕಾದ ಮಾತು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ: ಇಷ್ಟೆಲ್ಲ ಪಾಡುಪಡುವ ಬದಲು ಚಾಸಿ ಇಲ್ಲದ ಮೊನೊಕಾಕ್ ಗಾಡಿಯನ್ನೇ ಕೊಳ್ಳಬಾರದೇ? ಬಿಡದಿಯಲ್ಲೇ 2022ರಲ್ಲಿ ಇನ್ನೋವಾ ಹೈಕ್ರಾಸ್ ಮೊನೊಕಾಕ್ ಆಗಿ ಬಂತು. ಟಾರಿನ ಮೇಲಷ್ಟೇ ಓಡಾಡುವ ಮನೆಗೆ ಅದೇ ತಕ್ಕದ್ದು, ಇದನ್ನು ಒಪ್ಪಲೇಬೇಕು. ಆದರೆ ಟ್ರೇಲರ್ ಎಳೆಯುವವರಿಗೆ, ಮಳೆಗಾಲದ ಎರೆದಾರಿಯಲ್ಲಿ ತೋಟ ತಲುಪಬೇಕಾದವರಿಗೆ ಚಾಸಿ ಬೇಕೇಬೇಕು. ಅವರು ಟಾರಿನ ಮೇಲೂ ಕ್ಷೇಮವಾಗಿ ಓಡಬೇಕಲ್ಲ. ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಇದ್ದ ಮೇಲೆ ಯೋಚನೆಯೇಕೆ ಎನ್ನುವವರೂ ಇದ್ದಾರೆ. ಅದರ ಉಪಕಾರ ದೊಡ್ಡದು: ಅದರಿಂದ ಎಸ್‌ಯುವಿಗಳ ಒಂಟಿ ಗಾಡಿ ಅಪಘಾತಗಳು ಶೇಕಡ 59ರಷ್ಟು ತಗ್ಗುತ್ತವೆಂದು ಅಮೆರಿಕದ ಅದೇ ಹೆದ್ದಾರಿ ಸುರಕ್ಷತಾ ಸಂಸ್ಥೆ ಅಂದಾಜಿಸಿತ್ತು. ಆದರೂ 2016ರಲ್ಲಿ ಸ್ವೀಡನ್ನಿನ ಒಂದು ಪತ್ರಿಕೆ ದಿಢೀರ್ ಅಡ್ಡತಿರುವಿನ ಪರೀಕ್ಷೆ ಮಾಡಿದಾಗ, ಫಾರ್ಚುನರ್‌ನ ದಾಯಾದಿಯಾದ ಹೈಲಕ್ಸ್ ಎರಡೇ ಚಕ್ರಗಳ ಮೇಲೆ ವಾಲಿ ನಿಂತಿತು. ಆ ವ್ಯವಸ್ಥೆ ಕೆಲಸ ಮಾಡುವುದು ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ. ನೆಲ ಹಿಡಿಯದ ಚಕ್ರಕ್ಕೆ ಬ್ರೇಕ್ ಹಾಕಿ ಫಲವಿಲ್ಲ.

ಕಾನೂನಿನ ಗೆರೆಯೂ ತಿಳಿದಿರಲಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಮುಂದೆ ಹಾಕಿಸುವ ಉಕ್ಕಿನ ಬುಲ್ ಬಾರ್‌ಗಳ ವಿರುದ್ಧ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಸೂಚನೆ ಕೊಟ್ಟಿದೆ. ಅವು ಮೂತಿಗೆ ಭಾರ ಹೇರಿ ಸ್ಟಿಯರಿಂಗನ್ನು ಮಂದ ಮಾಡುತ್ತವೆ, ಡಿಕ್ಕಿಯಲ್ಲಿ ಎದುರಿನವರ ಎಲುಬು ಮುರಿಯುತ್ತವೆ. ಟಯರ್, ಬುಷ್, ಶಾಕ್ ಸರಿಪಡಿಸಲು ಇಂಥ ತೊಡಕಿಲ್ಲ.

ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಟಯರ್ ಮತ್ತು ಹವಾ, ಆಮೇಲೆ ಬುಷ್ ಮತ್ತು ಅಲೈನ್‌ಮೆಂಟ್, ನಂತರ ಶಾಕ್, ಅದಾದ ಮೇಲೂ ಬೇಕೆನಿಸಿದರೆ ಅಳತೆಯರಿತ ಸ್ಟೆಬಿಲೈಜರ್ ಬಾರ್. ಮೇಲಿನ ಕ್ಯಾರಿಯರ್ ಖಾಲಿಯಿರಲಿ, ಎತ್ತರಿಸುವ ಕಿಟ್ ಅಂಗಡಿಯಲ್ಲೇ ಉಳಿಯಲಿ. ಗಾಡಿಗಳು ಮಗುಚುವುದು ಬಹುಪಾಲು ಬರಿಯ ತಿರುವಿನಿಂದಲ್ಲ, ಚಕ್ರ ಏನಕ್ಕೋ ತೊಡರಿ. ಎದುರು ಬಸ್ಸು ಬಂದಾಗ ಟಾರಿನಂಚಿನಿಂದ ಕೆಳಗಿಳಿದ ಚಕ್ರವನ್ನು ಗಾಬರಿಯಲ್ಲಿ ಮೇಲಕ್ಕೆಳೆಯುವ ಗಳಿಗೆ ಅಂಥದ್ದು. ಅಂಥ ಹೊತ್ತಿಗೆ ಎರಡು ಟನ್ ದಾಟಿದ ಗಾಡಿ ಚಾಲಕನ ಕೈಮಾತು ಕೇಳಬೇಕು. ಒಳಗೆ ಬೆಲ್ಟ್ ಬಿಗಿದು ಕುಳಿತವರಿಗೆ ಏರ್‌ಬ್ಯಾಗಿನ ಆಸರೆಯಿದೆ. ರಸ್ತೆಯಂಚಿನಲ್ಲಿ ಮೆಕ್ಕೆಜೋಳ ಒಣಹಾಕುವವರಿಗೆ, ಕುರಿಹಿಂಡು ದಾಟಿಸುವವರಿಗೆ, ಬೈಕಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವವರಿಗೆ ಆ ಗಾಡಿಯ ಹಿಡಿತವೊಂದೇ ಆಸರೆ. ದೊಡ್ಡ ಗಾಡಿ ಕೊಂಡವರು ಹೊರಬೇಕಾದ ಹೊಣೆ ಅದು.